ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಉಬುಂಟು ಮತ್ತು ಮಿಂಟ್: ಮೂರು ತಿಂಗಳ ಹೋಲಿಕೆ

ಪದವಿ ಕಾಲೇಜಿನಲ್ಲಿ ಕನ್ನಡ ಕಲಿಸುವ ನನಗೆ ಕಂಪ್ಯೂಟರಿನಿಂದ ಆಗಬೇಕಾದ ಕೆಲಸಗಳು ಹೆಚ್ಚೇನಿಲ್ಲ. ಪಾಠದ ಟಿಪ್ಪಣಿ ಮತ್ತು ಲೇಖನಗಳನ್ನು ಟೈಪು ಮಾಡಬೇಕು, ಪ್ರಶ್ನೆಪತ್ರಿಕೆ ಸಿದ್ಧಪಡಿಸಬೇಕು, ಅಂಕಗಳನ್ನು ತುಂಬಿ ಕಳುಹಿಸಬೇಕು, ಬಿಡುವಾದಾಗ ಹಳೆಯ ಪುಸ್ತಕಗಳ ಪಿಡಿಎಫ್ ಓದಬೇಕು. ಇಷ್ಟನ್ನು 2017ರಲ್ಲಿ ಕೊಂಡ ಲ್ಯಾಪ್‌ಟಾಪ್ ಎಂಟು ವರ್ಷ ತಕರಾರಿಲ್ಲದೆ ನಡೆಸಿಕೊಟ್ಟಿತ್ತು. ಅದರಲ್ಲಿರುವುದು ಏಳನೆಯ ತಲೆಮಾರಿನ ಐ3 ಪ್ರೊಸೆಸರ್. ವಿಂಡೋಸ್ 11 ಕೆಲವೇ ಅಪವಾದಗಳನ್ನು ಬಿಟ್ಟರೆ ಇಂಟೆಲ್‌ನ ಎಂಟನೆಯ ತಲೆಮಾರು ಮತ್ತು ಅದರ ನಂತರದ ಪ್ರೊಸೆಸರ್‌ಗಳನ್ನಷ್ಟೇ ಒಪ್ಪುತ್ತದೆ; ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕೆಂದು ಕೇಳುತ್ತದೆ. ಇತ್ತ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ ಭದ್ರತಾ ಪರಿಷ್ಕರಣೆಗಳು ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್‌ವರೆಗೆ ದೊರೆಯುತ್ತವೆ. ಆಮೇಲಿನ ದಾರಿಯನ್ನು ಕೇಳಲು ಹೋದಾಗ ರಿಪೇರಿ ಅಂಗಡಿಯವರು ಲ್ಯಾಪ್‌ಟಾಪನ್ನು ತೆರೆದೂ ನೋಡದೆ, "ಇದಕ್ಕೆ ದುಡ್ಡು ಹಾಕೋದು ದಂಡ ಸರ್, ಹೊಸದನ್ನೇ ತಗೊಂಡ್ಬಿಡಿ" ಎಂದರು. ಕೀಲಿಮಣೆ, ಪರದೆ, ಬ್ಯಾಟರಿ ಮೂರೂ ಸರಿಯಿರುವ ಯಂತ್ರವನ್ನು ಮೂಲೆಗೆ ಹಾಕಲು ಮನಸ್ಸಾಗಲಿಲ್ಲ.

ಹೀಗೆ ದಸರಾ ರಜೆಯಲ್ಲಿ, ವಿಂಡೋಸ್‌ನಂತೆಯೇ ಯಂತ್ರವನ್ನು ನಡೆಸುವ ಉಚಿತ ವ್ಯವಸ್ಥೆಯಾದ ಲಿನಕ್ಸ್‌ನ ಕಡೆ ತಿರುಗಿದೆ; ಉಬುಂಟು, ಮಿಂಟ್ ಎರಡೂ ಅದರ ಬಗೆಗಳು. ವಿಂಡೋಸನ್ನು ಅಳಿಸದೆ, ಅದರ ಪಕ್ಕದಲ್ಲಿಯೇ ಮೊದಲು ಉಬುಂಟು 24.04ನ್ನು, ಆರು ವಾರಗಳ ನಂತರ ಲಿನಕ್ಸ್ ಮಿಂಟ್ 22.2ರ ಸಿನಮನ್ ಎಂಬ ಪರದೆ ವಿನ್ಯಾಸದ ಆವೃತ್ತಿಯನ್ನು ಸ್ಥಾಪಿಸಿಕೊಂಡು, ದಿನದ ಕೆಲಸವನ್ನು ಮೂರರಲ್ಲಿಯೂ ಮಾಡಿ ನೋಡಿದೆ. ಆಟಗಳ ವೇಗ, ವೀಡಿಯೊ ಸಂಕಲನ ಮೊದಲಾದವುಗಳ ಬಗ್ಗೆ ನಾನು ಏನನ್ನೂ ಹೇಳಲಾರೆ, ಏಕೆಂದರೆ ಅವು ನನ್ನ ಕೆಲಸಗಳಲ್ಲ. ಕನ್ನಡದಲ್ಲಿ ಬರೆಯುವವನೊಬ್ಬನಿಗೆ ಈ ಮೂರರಲ್ಲಿ ಯಾವುದು ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಒಂದು ಮಾತನ್ನು ಮೊದಲೇ ಹೇಳಬೇಕು. ಹೋಲಿಕೆಗೆ ಇಳಿಯುವ ಮುನ್ನ ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ 480 ಜಿಬಿಯ ಎಸ್‌ಎಸ್‌ಡಿ (ಅದಕ್ಕಿಂತ ಬಹಳ ವೇಗದ ಡಿಸ್ಕ್) ಹಾಕಿಸಿದೆ, ನಾಲ್ಕು ಜಿಬಿ ಇದ್ದ ರ‍್ಯಾಮನ್ನು ಎಂಟಕ್ಕೆ ಏರಿಸಿದೆ. ಲಿನಕ್ಸ್ ಹಾಕಿದ ಕೂಡಲೇ ಹಳೆಯ ಯಂತ್ರಕ್ಕೆ ಪ್ರಾಯ ಮರಳಿತೆಂದು ಹೇಳುವವರ ಮಾತನ್ನು ನಾನೀಗ ಅರ್ಧ ಮಾತ್ರ ನಂಬುತ್ತೇನೆ. ನನ್ನ ಯಂತ್ರದಲ್ಲಿ ಆ ಬದಲಾವಣೆಯ ದೊಡ್ಡ ಪಾಲು ಎಸ್‌ಎಸ್‌ಡಿಯಿಂದಲೇ ಬಂತು. ಮೊದಲು ಎರಡು ನಿಮಿಷ ಕಾಯಿಸುತ್ತಿದ್ದ ವಿಂಡೋಸ್ ಕೂಡ ಅದಾದ ಮೇಲೆ ಅರ್ಧ ನಿಮಿಷದೊಳಗೆ ಸಿದ್ಧವಾಗುತ್ತಿತ್ತು.

ತರಿಸಿಕೊಳ್ಳುವುದು, ಸ್ಥಾಪಿಸುವುದು

ನಮ್ಮ ಮನೆಗೆ ಇನ್ನೂ ಫೈಬರ್ ಸಂಪರ್ಕ ಬಂದಿಲ್ಲ. ಮೊಬೈಲಿನ ದಿನಕ್ಕೆರಡು ಜಿಬಿ ಡೇಟಾದಲ್ಲಿ ಬದುಕುವವರಿಗೆ ಹೋಲಿಕೆ ಇಲ್ಲಿಂದಲೇ ಶುರುವಾಗುತ್ತದೆ. ಉಬುಂಟುವಿನ ಕಡತ 6 ಜಿಬಿಗೆ ಹತ್ತಿರವಿದೆ; ಮಿಂಟ್‌ನದು ಅದರ ಅರ್ಧದಷ್ಟು. ಎರಡನ್ನೂ ಕಾಲೇಜಿನ ಸಂಪರ್ಕದಲ್ಲಿ ಇಳಿಸಿಕೊಂಡು, 16 ಜಿಬಿಯ ಪೆನ್‌ಡ್ರೈವಿನಲ್ಲಿ ವೆಂಟಾಯ್ ಎಂಬ ತಂತ್ರಾಂಶದ ನೆರವಿನಿಂದ ಒಟ್ಟಿಗೆ ಇಟ್ಟುಕೊಂಡೆ. ವೆಂಟಾಯ್‌ನ ಅನುಕೂಲವೆಂದರೆ ಐಎಸ್‌ಒ ಎಂಬ ಈ ಸ್ಥಾಪನಾ ಕಡತಗಳನ್ನು ಮಾಮೂಲಿ ಕಡತಗಳಂತೆ ನಕಲು ಮಾಡಿ ಹಾಕಿದರೆ ಸಾಕು. ಯಂತ್ರ ಚಾಲೂ ಆಗುವಾಗ ಯಾವುದು ಬೇಕೆಂದು ಅದೇ ಕೇಳುತ್ತದೆ. ಉಳಿದ ಜಾಗದಲ್ಲಿ ಫೆಡೋರಾ ವರ್ಕ್‌ಸ್ಟೇಷನ್ ಎಂಬ ಇನ್ನೊಂದು ಲಿನಕ್ಸ್ ಕೂಡ ಇತ್ತು. ಅದನ್ನು ಪೆನ್‌ಡ್ರೈವಿನಿಂದಲೇ ಎರಡು ದಿನ ನಡೆಸಿ ನೋಡಿದೆ. ಅಚ್ಚುಕಟ್ಟಾದ ವ್ಯವಸ್ಥೆಯೆಂಬುದರಲ್ಲಿ ಅನುಮಾನವಿಲ್ಲ. ಆದರೆ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುವ, ಒಂದು ಆವೃತ್ತಿಗೆ ಸುಮಾರು 13 ತಿಂಗಳಷ್ಟೇ ಬೆಂಬಲ ಸಿಗುವ ಪದ್ಧತಿ ನನ್ನ ಡೇಟಾಕ್ಕೂ ನನ್ನ ತಾಳ್ಮೆಗೂ ಒಗ್ಗುವಂಥದ್ದಲ್ಲವೆಂದು ಅಲ್ಲಿಗೇ ಬಿಟ್ಟೆ. ಉಬುಂಟು 24.04 ಮತ್ತು ಅದನ್ನೇ ಬುನಾದಿಯಾಗಿ ಇಟ್ಟುಕೊಂಡ ಮಿಂಟ್ 22ರ ಸಾಲು ಎರಡಕ್ಕೂ 2029ರವರೆಗೆ ಬೆಂಬಲವಿದೆ.

ವರ್ಚುವಲ್‌ಬಾಕ್ಸ್‌ನಲ್ಲಿ, ಅಂದರೆ ವಿಂಡೋಸ್‌ನ ಒಳಗೇ ಒಂದು ಕಿಟಕಿಯಲ್ಲಿ ಲಿನಕ್ಸನ್ನು ನಡೆಸುವುದು ಎಲ್ಲಕ್ಕಿಂತ ಸುರಕ್ಷಿತ ದಾರಿಯೆನ್ನುತ್ತಾರೆ. ನನ್ನ ಐ3ಕ್ಕೆ ಅದು ಭಾರವಾಯಿತು. ಎರಡು ವ್ಯವಸ್ಥೆಗಳು ಎಂಟು ಜಿಬಿಯನ್ನು ಹಂಚಿಕೊಂಡು ಎರಡೂ ಕುಂಟುತ್ತಿದ್ದವು. ಅದನ್ನು ನೋಡಿ ಲಿನಕ್ಸ್‌ನ ಯೋಗ್ಯತೆಯನ್ನು ಅಳೆಯುವುದು ಅನ್ಯಾಯ. ಪೆನ್‌ಡ್ರೈವಿನಿಂದ ನೇರವಾಗಿ ನಡೆಸಿ ನೋಡುವುದೇ ಮೇಲು, ಏಕೆಂದರೆ ಧ್ವನಿ, ವೈಫೈ, ಪರದೆಯ ಬೆಳಕು ಇವು ನಮ್ಮ ಯಂತ್ರದಲ್ಲಿ ಕೆಲಸ ಮಾಡುತ್ತವೆಯೋ ಇಲ್ಲವೋ ಎಂಬುದು ಡಿಸ್ಕನ್ನು ಮುಟ್ಟದೆಯೇ ಗೊತ್ತಾಗುತ್ತದೆ. ನನಗೆ ಗೊತ್ತಾದದ್ದು ವೈಫೈ ಇಲ್ಲವೆಂಬುದು. ಯಂತ್ರದೊಳಗಿನ ವೈಫೈ ಚಿಪ್‌ಗೆ ಬೇಕಾದ ಚಾಲಕ ತಂತ್ರಾಂಶ ಎರಡು ವ್ಯವಸ್ಥೆಗಳಲ್ಲಿಯೂ ಮೊದಲಿನಿಂದ ಬರಲಿಲ್ಲ. ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಹಾಕಿದ ಕೂಡಲೇ ಇಂಟರ್ನೆಟ್ ಬಂತು, ಆಮೇಲೆ ಚಾಲಕವನ್ನು ಇಳಿಸಿಕೊಳ್ಳಲಾಯಿತು. ಮಿಂಟ್‌ನಲ್ಲಿ ಇದಕ್ಕೆಂದೇ ಇರುವ ಡ್ರೈವರ್ ಮ್ಯಾನೇಜರ್ ಕಣ್ಣಿಗೆ ಬೀಳುವಂತಿದೆ. ಉಬುಂಟುವಿನಲ್ಲಿ ಅದೇ ಸೌಕರ್ಯ ಒಂದೆರಡು ಮೆಟ್ಟಿಲು ಒಳಗೆ ಅಡಗಿ ಕುಳಿತಿದೆ. ವಿಂಡೋಸ್‌ನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಯಂತ್ರ ಮಾರುವವರು ಎಲ್ಲವನ್ನೂ ಹೊಂದಿಸಿಯೇ ಕೊಟ್ಟಿರುತ್ತಾರೆ. ಮೂರನ್ನೂ ತಕ್ಕಡಿಯಲ್ಲಿಟ್ಟು ತೂಗುವಾಗ ವಿಂಡೋಸ್‌ಗೆ ಸಿಗುವ ಈ ಮುನ್ನಡೆಯನ್ನು ಮರೆಯಬಾರದು.

ಸ್ಥಾಪನೆಗೆ ಮುನ್ನ ವಿಂಡೋಸ್‌ನಲ್ಲಿ ಮಾಡಬೇಕಾದ ಸಿದ್ಧತೆಗಳೇ ನಿಜವಾದ ಕೆಲಸ. ಮುಖ್ಯ ಕಡತಗಳನ್ನು ಬೇರೆ ಡ್ರೈವಿಗೆ ನಕಲು ಮಾಡಿಕೊಳ್ಳಬೇಕು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲ್ತಿಯಲ್ಲಿದ್ದರೆ ಅದರ ಮರುಪ್ರಾಪ್ತಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ವಿಂಡೋಸ್‌ನ ಭಾಗವನ್ನು ಕುಗ್ಗಿಸಿ ಖಾಲಿ ಜಾಗ ಬಿಡಿಸಿಕೊಳ್ಳಬೇಕು. ನಾನು ಒಂದೊಂದಕ್ಕೆ 70 ಜಿಬಿಯಂತೆ ಎರಡು ಪಾಲು ಮಾಡಿದೆ. ಇನ್ನು ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವನ್ನು ನಿಲ್ಲಿಸಲೇಬೇಕು. ಅದು ಚಾಲ್ತಿಯಲ್ಲಿದ್ದಾಗ ನಾವು ಶಟ್‌ಡೌನ್ ಮಾಡಿದೆವೆಂದುಕೊಂಡರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿಟ್ಟು ಅರೆನಿದ್ರೆಯಲ್ಲಿರುತ್ತದೆ. ಆ ಹೊತ್ತಿನಲ್ಲಿ ಲಿನಕ್ಸ್‌ನಿಂದ ವಿಂಡೋಸ್‌ನ ಭಾಗವನ್ನು ತೆರೆದರೆ ಓದಲು ಮಾತ್ರ ಬರುತ್ತದೆ, ಬರೆಯಲು ಬರುವುದಿಲ್ಲ. ಇದನ್ನು ತಿಳಿಯದೆ ನಾನು ಒಂದು ಸಂಜೆಯನ್ನೇ ಕಳೆದುಕೊಂಡೆ.

ಸ್ಥಾಪಿಸುವ ಕ್ರಮದಲ್ಲಿ ಉಬುಂಟುವಿನ ಹೊಸ ವಿನ್ಯಾಸ ಹೆಚ್ಚು ಅಂದವಾಗಿದೆ, ಮಿಂಟ್‌ನ ಹಳೆಯ ವಿನ್ಯಾಸ ಹೆಚ್ಚು ಸ್ಪಷ್ಟವಾಗಿದೆ. ವಿಂಡೋಸ್ ಇರುವುದನ್ನು ಎರಡೂ ತಾವಾಗಿಯೇ ಗುರುತಿಸಿ, ಅದರ ಪಕ್ಕದಲ್ಲಿ ಇರಬೇಕೋ ಅಥವಾ ಎಲ್ಲವನ್ನೂ ಅಳಿಸಬೇಕೋ ಎಂದು ಕೇಳುತ್ತವೆ. ಎರಡನೆಯ ಆಯ್ಕೆಯನ್ನು ಅಪ್ಪಿತಪ್ಪಿಯೂ ಮುಟ್ಟಬಾರದು. ಎರಡೂ ಅರ್ಧ ಗಂಟೆಯೊಳಗೆ ಮುಗಿದವು. ತೊಡಕು ಎದುರಾದದ್ದು ಆಮೇಲೆ. ಉಬುಂಟು ಇದ್ದಲ್ಲಿಗೆ ಮಿಂಟನ್ನೂ ತಂದಾಗ, ಯಂತ್ರ ಚಾಲೂ ಆಗುವಾಗಿನ ಬಯೋಸ್‌ನ ಪಟ್ಟಿಯಲ್ಲಿ "ಉಬುಂಟು" ಎಂಬ ಒಂದೇ ಹೆಸರು ಕಾಣಿಸಿತು. ಅದನ್ನು ಆರಿಸಿದರೆ ತೆರೆದುಕೊಂಡದ್ದು ಮಿಂಟ್‌ನ ಗ್ರಬ್, ಅಂದರೆ ಯಾವ ವ್ಯವಸ್ಥೆ ಬೇಕೆಂದು ಕೇಳುವ ಪಟ್ಟಿ. ಮಿಂಟ್ ತನ್ನ ಪ್ರಾರಂಭದ ಕಡತಗಳನ್ನು ಉಬುಂಟು ಎಂಬ ಹೆಸರಿನ ಫೋಲ್ಡರಿನಲ್ಲಿಯೇ ಇಡುವುದರಿಂದ ಎರಡನೆಯದು ಮೊದಲನೆಯದರ ಮನೆಯನ್ನೇ ಹೊಕ್ಕಿರುತ್ತದೆ. ಹಾನಿಯೇನೂ ಆಗಲಿಲ್ಲ, ಗ್ರಬ್‌ನ ಪಟ್ಟಿಯಲ್ಲಿ ಮೂರೂ ವ್ಯವಸ್ಥೆಗಳ ಹೆಸರಿತ್ತು. ಆದರೂ ಈ ಎರಡನ್ನು ಒಟ್ಟಿಗೆ ಇಟ್ಟು ನೋಡುವವರು ಗಾಬರಿಯಾಗದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ಗಡಿಯಾರದ ಮಾತನ್ನೂ ಇಲ್ಲಿಯೇ ಮುಗಿಸುತ್ತೇನೆ. ಉಬುಂಟುವಿನಲ್ಲಿ ಕೆಲಸ ಮುಗಿಸಿ ವಿಂಡೋಸ್‌ಗೆ ಬಂದರೆ ಸಮಯ ಸರಿಯಾಗಿ ಐದೂವರೆ ಗಂಟೆ ಹಿಂದಿರುತ್ತಿತ್ತು. ತಾಯಿಹಲಗೆಯ ಗಡಿಯಾರದಲ್ಲಿರುವುದು ಸ್ಥಳೀಯ ಸಮಯವೆಂದು ವಿಂಡೋಸ್ ತಿಳಿಯುತ್ತದೆ, ಲಿನಕ್ಸ್ ಅದನ್ನು ಜಾಗತಿಕ ಸಮಯವೆಂದು ತಿಳಿಯುತ್ತದೆ. ನಮ್ಮ ದೇಶದ ಸಮಯಕ್ಕೂ ಅದಕ್ಕೂ ಇರುವ ಅಂತರವೇ ಆ ಐದೂವರೆ ಗಂಟೆ. ಇದರಲ್ಲಿ ಯಾರದೂ ತಪ್ಪಿಲ್ಲ, ಎರಡು ಮನೆತನಗಳ ಪದ್ಧತಿ ಬೇರೆ ಅಷ್ಟೆ. ಆದೇಶಗಳನ್ನು ಟೈಪಿಸುವ ಕಿಟಕಿಯಾದ ಲಿನಕ್ಸ್‌ನ ಟರ್ಮಿನಲ್‌ನಲ್ಲಿ ಒಂದೇ ಸಾಲಿನ ಆದೇಶ ಕೊಟ್ಟು, ನೀನೂ ಸ್ಥಳೀಯ ಸಮಯವನ್ನೇ ಅನುಸರಿಸು ಎಂದು ಹೇಳಿದ ಮೇಲೆ ಸರಿಹೋಯಿತು.

ಕನ್ನಡದ ಕೀಲಿಮಣೆ

ನಾನು ಟೈಪು ಮಾಡಲು ಕಲಿತದ್ದು ನುಡಿ ತಂತ್ರಾಂಶದಲ್ಲಿ, ಅಂದರೆ ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತಿರುವ, ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಕಗಪ ಎಂದೇ ಪ್ರಸಿದ್ಧವಾದ ಕೀಲಿಮಣೆಯಲ್ಲಿ. ಇಪ್ಪತ್ತು ವರ್ಷಗಳಲ್ಲಿ ಅದು ಬೆರಳಿಗೆ ಎಷ್ಟು ಹತ್ತಿಹೋಗಿದೆಯೆಂದರೆ, ಯಾವ ಅಕ್ಷರ ಎಲ್ಲಿದೆ ಎಂದು ಕೇಳಿದರೆ ಹೇಳಲು ಬಾರದು, ಕೈಗಳನ್ನು ಕೀಲಿಗಳ ಮೇಲಿಟ್ಟರೆ ಮಾತ್ರ ಬರುತ್ತದೆ. ಆದ್ದರಿಂದ ಹೊಸ ವ್ಯವಸ್ಥೆಯೊಂದು ನನಗೆ ಆಗುತ್ತದೆಯೇ ಇಲ್ಲವೇ ಎಂಬುದನ್ನು ಮೊದಲು ತೀರ್ಮಾನಿಸಬೇಕಾದದ್ದು ಈ ಕೀಲಿಮಣೆಯೇ.

ವಿಂಡೋಸ್ 10ರಲ್ಲಿ ತಾನಾಗಿಯೇ ಬರುವುದು ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ; 2019ರ ಆವೃತ್ತಿಯಿಂದ ಉಚ್ಚಾರಣೆಯಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸುವ ಫೊನೆಟಿಕ್ ಕೀಲಿಮಣೆಯೂ ಸೇರಿದೆ. ಕಗಪ ಬೇಕೆಂದರೆ ನುಡಿಯನ್ನೋ ಅಂಥ ಬೇರೆ ತಂತ್ರಾಂಶವನ್ನೋ ಹೊರಗಿನಿಂದ ಹಾಕಿಕೊಳ್ಳಬೇಕು. ಹಾಕಿಕೊಂಡರೆ ಎಲ್ಲವೂ ಸಲೀಸು. ನನ್ನ ವಿಂಡೋಸ್ ಇಷ್ಟು ವರ್ಷ ನಡೆದದ್ದು ಹಾಗೆಯೇ.

ಲಿನಕ್ಸ್‌ನಲ್ಲಿ ನಾನು ನಿರೀಕ್ಷಿಸಿರದ ಸಂಗತಿ ಕಾದಿತ್ತು. ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕಗಪ ಎಂಬ ಹೆಸರು ಹೊರಗಿನಿಂದ ಏನನ್ನೂ ತರದೆ ಮೊದಲೇ ಇತ್ತು. ಅಷ್ಟೇ ಅಲ್ಲ, ಹಿಂದಿ, ಸಂಸ್ಕೃತ, ತೆಲುಗುಗಳ ಕೆಳಗೂ ಕಗಪ ಎಂಬ ಅದೇ ಹೆಸರಿನ ವಿನ್ಯಾಸಗಳಿದ್ದವು. ಕನ್ನಡದ ಪರಿಷತ್ತೊಂದರ ಹೆಸರಿನ ಮೊದಲಕ್ಷರಗಳು ಸಂಸ್ಕೃತ ಟೈಪಿಸುವವರ ಕಂಪ್ಯೂಟರಿನಲ್ಲಿಯೂ ಕುಳಿತಿರುವುದನ್ನು ಕಂಡು ಸುಮ್ಮನೆ ಸ್ವಲ್ಪ ಹೊತ್ತು ಆ ಪಟ್ಟಿಯನ್ನೇ ನೋಡಿದೆ.

ಆದರೆ ಪಟ್ಟಿಯಲ್ಲಿ ಕಂಡ ಕೂಡಲೇ ಸಮಸ್ಯೆ ತೀರಲಿಲ್ಲ. ಲಿನಕ್ಸ್‌ನಲ್ಲಿ ಕಗಪ ಎರಡು ಬಗೆಯಲ್ಲಿ ದೊರೆಯುತ್ತದೆ, ಇವೆರಡರ ಅಂತರವನ್ನು ಯಾರೂ ಮೊದಲಿಗೆ ಹೇಳಿಕೊಡುವುದಿಲ್ಲ. ಮೊದಲನೆಯದು ವ್ಯವಸ್ಥೆಯ ಜೊತೆಗೇ ಬರುವ ಸರಳ ವಿನ್ಯಾಸ. ಇದರಲ್ಲಿ ಒಂದು ಒತ್ತಿಗೆ ಒಂದು ಚಿಹ್ನೆ ಎಂಬುದು ನಿಯಮ; ಹಿಂದೆ ಯಾವ ಅಕ್ಷರ ಬಂದಿದೆ ಎಂದು ಅದು ನೋಡುವುದಿಲ್ಲ. ಹೀಗಾಗಿ 'ಇ' ಎಂಬ ಸ್ವರಕ್ಕೂ 'ಕಿ'ಯಲ್ಲಿರುವ ಗುಡಿಸಿಗೂ ಬೇರೆ ಬೇರೆ ಒತ್ತುಗಳು ಬೇಕಾಗಿ, ಬಲಗಡೆಯ ಆಲ್ಟ್ ಕೀಲಿಯ ನೆರವು ಪಡೆಯಬೇಕಾಗುತ್ತದೆ. ನುಡಿಯಲ್ಲಿ ಕೈಪಳಗಿದವರಿಗೆ ಇದು ಹೆಜ್ಜೆಗೊಮ್ಮೆ ಎಡವಿದಂತೆ. ಎರಡನೆಯದು ಐಬಸ್ ಎಂಬ ಟೈಪಿಂಗ್ ತಂತ್ರಾಂಶದ ಮೂಲಕ, ಎಂ17ಎನ್ ಎಂಬ ಸಂಗ್ರಹದಿಂದ ಬರುವ ಕಗಪ. ಇದು ಹಿಂದಿನ ಅಕ್ಷರವನ್ನು ನೋಡಿ, ಪದದ ಆರಂಭದಲ್ಲಿ ಸ್ವರವನ್ನೂ ವ್ಯಂಜನದ ನಂತರ ಸ್ವರಚಿಹ್ನೆಯನ್ನೂ ತಾನೇ ಹಾಕುತ್ತದೆ. ನುಡಿಯಿಂದ ಬಂದವರು ಹುಡುಕಬೇಕಾದದ್ದು ಇದನ್ನು. ಮೊದಲನೆಯ ಬಗೆಯಲ್ಲಿ ಒಂದು ವಾರ ಒದ್ದಾಡಿ, ಲಿನಕ್ಸ್‌ನಲ್ಲಿ ಕನ್ನಡ ಕಷ್ಟವೆಂದು ತೀರ್ಮಾನಿಸುವ ಹಂತಕ್ಕೆ ಬಂದಿದ್ದಾಗ ಎರಡನೆಯದು ಸಿಕ್ಕಿತು.

ಈ ವಿಷಯದಲ್ಲಿ ಉಬುಂಟುವಿಗೆ ಮಿಂಟ್‌ಗಿಂತ ಹೆಚ್ಚು ಅಂಕ ಕೊಡಬೇಕು. ಐಬಸ್ ಅದರ ಒಡಲಿನಲ್ಲಿಯೇ ಬೆರೆತಿದೆ; ಎಂ17ಎನ್ ಸಂಗ್ರಹವೊಂದನ್ನು ಸೇರಿಸಿ, ಒಮ್ಮೆ ಲಾಗೌಟ್ ಆಗಿ ಬಂದರೆ ಸೆಟ್ಟಿಂಗ್ಸ್‌ನ ಕೀಲಿಮಣೆ ಪುಟದಲ್ಲಿಯೇ ಎಲ್ಲವೂ ಸಿಗುತ್ತದೆ. ಭಾಷೆ ಬದಲಿಸಲು ವಿಂಡೋಸ್ ಕೀಲಿ ಮತ್ತು ಸ್ಪೇಸ್ ಸಾಕು, ಅದೂ ವಿಂಡೋಸ್‌ನಲ್ಲಿ ಇರುವ ಹಾಗೆಯೇ. ಮಿಂಟ್‌ನಲ್ಲಿ ಇನ್‌ಪುಟ್ ಮೆಥಡ್ ಎಂಬ ಬೇರೆಯದೇ ಕಿಟಕಿಯನ್ನು ತೆರೆದು, ಐಬಸ್ಸನ್ನು ಆರಿಸಿ, ಆಮೇಲೆ ಅದರ ಸ್ವಂತ ಸೆಟ್ಟಿಂಗ್‌ಗಳಿಗೆ ಹೋಗಿ ಕಗಪವನ್ನು ಸೇರಿಸಬೇಕಾಯಿತು. ಒಮ್ಮೆ ಹೊಂದಿಸಿದ ಮೇಲೆ ಇಬ್ಬರಲ್ಲಿ ವ್ಯತ್ಯಾಸವಿಲ್ಲ, ಆದರೆ ಆ ಒಮ್ಮೆ ಹೊಂದಿಸುವುದರಲ್ಲಿ ಒಂದು ಮಧ್ಯಾಹ್ನ ಹೋಯಿತು.

ಪರದೆಯ ಮೇಲಿನ ಭಾಷೆಯನ್ನೂ ಕನ್ನಡಕ್ಕೆ ತಿರುಗಿಸಿ ನೋಡಿದೆ. ವಿಂಡೋಸ್‌ನ ಕನ್ನಡ ಹೆಚ್ಚು ಪೂರ್ಣವಾಗಿದೆ. ಲಿನಕ್ಸ್‌ನ ಕನ್ನಡ ಹಿಂದೊಮ್ಮೆ ಯಾರೋ ಶ್ರದ್ಧೆಯಿಂದ ಮಾಡಿ, ಆಮೇಲೆ ಮುಂದುವರಿಸುವವರಿಲ್ಲದೆ ನಿಂತದ್ದು. ಒಂದು ಸಾಲು ಕನ್ನಡ, ಮುಂದಿನ ಸಾಲು ಇಂಗ್ಲಿಷ್. ಆದರೂ ಗಣಕತೆರೆ, ಕಡತಕೋಶ, ಗುಪ್ತಪದ ಎಂಬ ಪದಗಳನ್ನು ಕಂಡಾಗ, ಆ ಅನುವಾದಕರು ಕುಳಿತು ಯೋಚಿಸಿದ್ದರೆಂಬುದು ತಿಳಿಯುತ್ತದೆ. ಕೆಲಸಕ್ಕೆ ಮಾತ್ರ ಮೂರರಲ್ಲಿಯೂ ಇಂಗ್ಲಿಷ್ ಪರದೆಯನ್ನೇ ಇಟ್ಟುಕೊಂಡೆ, ಏಕೆಂದರೆ ತೊಡಕು ಬಂದಾಗ ಪರಿಹಾರ ಹುಡುಕಲು ಆ ಹೆಸರುಗಳೇ ಬೇಕು.

ಹಳೆಯ ಕಡತಗಳ ಹೊರೆ

ನನ್ನಂಥವರಿಗೆ ನಿಜವಾದ ಪರೀಕ್ಷೆ ಇದು. 2005ರಿಂದೀಚೆಗೆ ನಾನು ಬರೆದದ್ದರಲ್ಲಿ ಬಹುಪಾಲು ನುಡಿಯ ಆಸ್ಕಿ ಫಾಂಟುಗಳಲ್ಲಿದೆ. ಈ ಕಡತಗಳ ಒಳಗೆ ಕನ್ನಡದ ಅಕ್ಷರವೆಂಬುದೇ ಇರುವುದಿಲ್ಲ. ಇರುವುದು ರೋಮನ್ ಅಕ್ಷರಗಳು ಮತ್ತು ಅವುಗಳ ನೆರೆಹೊರೆಯ ಚಿಹ್ನೆಗಳು. ಫಾಂಟ್ ಅವುಗಳಿಗೆ ಕನ್ನಡದ ವೇಷ ಹಾಕಿಸುತ್ತದೆ ಅಷ್ಟೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ವೇಷ ಕಳಚಿ, ಪುಟದ ತುಂಬ ಅರ್ಥವಿಲ್ಲದ ಚಿಹ್ನೆಗಳು ನಿಲ್ಲುತ್ತವೆ. ಲಿನಕ್ಸ್‌ನಲ್ಲಿ ಮೊದಲ ದಿನ ನನಗೆ ಕಂಡದ್ದು ಅದೇ. ನುಡಿಯ ಫಾಂಟ್ ಕಡತಗಳನ್ನು ವಿಂಡೋಸ್‌ನಿಂದ ನಕಲು ಮಾಡಿ ಹಾಕಿದ ಮೇಲೆ ಎರಡು ಲಿನಕ್ಸ್‌ಗಳಲ್ಲಿಯೂ ವರ್ಡ್‌ನಂಥ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್ ಆ ಪುಟಗಳನ್ನು ಸರಿಯಾಗಿ ತೋರಿಸಿತು. ಓದಬಹುದು, ಮುದ್ರಿಸಬಹುದು. ಆದರೆ ಅದೇ ಆಸ್ಕಿ ಪದ್ಧತಿಯಲ್ಲಿ ಹೊಸ ಸಾಲು ಸೇರಿಸಲು ನುಡಿಯ ಟೈಪಿಂಗ್ ಯಂತ್ರವೇ ಬೇಕು, ಅದು ಇರುವುದು ವಿಂಡೋಸ್‌ಗೆ ಮಾತ್ರ. ತಿದ್ದುಪಡಿಯ ವಿಷಯದಲ್ಲಿ ಲಿನಕ್ಸ್ ಎರಡೂ ಒಂದೇ ಸಲ ಸೋತವು.

ಆದರೆ ಆ ಸೋಲು ನನ್ನನ್ನು ಮುಂದೂಡುತ್ತ ಬಂದಿದ್ದ ಕೆಲಸಕ್ಕೆ ಹಚ್ಚಿತು. ಕಡತಗಳನ್ನು ಒಂದೊಂದಾಗಿ, ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್‌ಗೆ ಪರಿವರ್ತಿಸಲು ತೊಡಗಿದೆ. ಪರಿವರ್ತಕಗಳು ಈಗ ಬಹುಮಟ್ಟಿಗೆ ಸರಿಯಾಗಿ ಕೆಲಸ ಮಾಡುತ್ತವೆ, ಎಡವುವುದು ಅರ್ಕಾವತ್ತಿನಲ್ಲಿ. ಆಸ್ಕಿಯಲ್ಲಿ 'ಕಾರ್ಯ' ಎಂಬ ಪದದ ಅರ್ಕಾವತ್ತು ನಾವು ಬರೆಯುವ ಹಾಗೆ ಯಕಾರದ ಆಚೆಗೆ ಕುಳಿತಿರುತ್ತದೆ, ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವ ಹಾಗೆ ರಕಾರ ಮೊದಲು ಬರಬೇಕು. ಈ ಸ್ಥಾನಪಲ್ಲಟವನ್ನು ತಪ್ಪಿದ ಪರಿವರ್ತಕ 'ಕಾರ್ಯಕ್ರಮ'ವನ್ನು 'ಕಾಯರ್ಕ್ರಮ' ಮಾಡಿ ಕೊಡುತ್ತದೆ. ಇಂಥ ಪದಗಳನ್ನು ಅಂತರ್ಜಾಲದ ಕನ್ನಡದಲ್ಲಿ ನೋಡಿ ನಕ್ಕವನು, ನನ್ನ ಲೇಖನದಲ್ಲಿಯೇ ಅವನ್ನು ಹುಡುಕಿ ತಿದ್ದುತ್ತ ಕುಳಿತೆ. ಪಠ್ಯದ ನಡುವೆ ಇಂಗ್ಲಿಷ್ ಹೆಸರುಗಳಿದ್ದರೆ ಅವೂ ಕನ್ನಡದ ಗೋಜಲಾಗಿ ಮಾರ್ಪಡುತ್ತವೆ. ಅವುಗಳನ್ನು ಮೊದಲೇ ಗುರುತು ಹಾಕಿಟ್ಟುಕೊಳ್ಳುವುದು ಒಳ್ಳೆಯದು.

ಬರವಣಿಗೆಯ ತಂತ್ರಾಂಶವಾಗಿ ಲಿಬ್ರೆಆಫೀಸ್ ಮತ್ತು ವರ್ಡ್ ನಡುವಿನ ಹೋಲಿಕೆಯಲ್ಲಿ ಕನ್ನಡಿಗರಿಗೆ ಒಂದೇ ಒಂದು ಗುಟ್ಟು ಗೊತ್ತಿದ್ದರೆ ಅರ್ಧ ತಲೆನೋವು ತಪ್ಪುತ್ತದೆ. ಲಿಬ್ರೆಆಫೀಸ್ ಕನ್ನಡವನ್ನು ಪಾಶ್ಚಾತ್ಯ ಲಿಪಿಗಳಿಂದ ಬೇರೆಯಾದ ಗುಂಪಿನಲ್ಲಿಟ್ಟು, ಅದಕ್ಕೆ ಪ್ರತ್ಯೇಕ ಫಾಂಟನ್ನೂ ಪ್ರತ್ಯೇಕ ಗಾತ್ರವನ್ನೂ ಕೊಡುತ್ತದೆ. ಶೈಲಿಯಲ್ಲಿ ಗಾತ್ರವನ್ನು 14ಕ್ಕೆ ಏರಿಸಿದರೂ ಕನ್ನಡ 12ರಲ್ಲಿಯೇ ಉಳಿದಾಗ ತಂತ್ರಾಂಶ ಕೆಟ್ಟಿದೆಯೆಂದು ನಾನು ತಿಳಿದೆ. ಕೆಟ್ಟಿರಲಿಲ್ಲ; ಅದೇ ಪುಟದಲ್ಲಿ ಇನ್ನೊಂದು ಭಾಗದಲ್ಲಿ ಕನ್ನಡದ ಗಾತ್ರವನ್ನು ಬೇರೆಯಾಗಿ ಬದಲಿಸಬೇಕಿತ್ತು. ನುಡಿಯ ಆಸ್ಕಿ ಪಠ್ಯವಾದರೋ ಒಳಗೆ ರೋಮನ್ ಆದ್ದರಿಂದ ಇಂಗ್ಲಿಷಿನ ಗುಂಪಿಗೆ ಸೇರುತ್ತದೆ, ಹಾಗಾಗಿ ಕಾಗುಣಿತ ಪರೀಕ್ಷಕ ಇಡೀ ಪುಟಕ್ಕೆ ಕೆಂಪು ಗೆರೆ ಎಳೆಯುತ್ತದೆ. ಇನ್ನು ವಿಂಡೋಸ್‌ನ ತುಂಗಾ ಅಥವಾ ನಿರ್ಮಲಾ ಫಾಂಟಿನಲ್ಲಿ ಮಾಡಿದ ಪ್ರಶ್ನೆಪತ್ರಿಕೆಯನ್ನು ಲಿನಕ್ಸ್‌ನಲ್ಲಿ ತೆರೆದರೆ, ಆ ಫಾಂಟುಗಳು ಅಲ್ಲಿಲ್ಲದ ಕಾರಣ ಬೇರೆಯದು ಬಂದು ಕೂತು ಎರಡು ಪುಟದ್ದು ಮೂರು ಪುಟವಾಗುತ್ತದೆ. ಈಗ ನಾನು ಮೂರರಲ್ಲಿಯೂ ನೋಟೊ ಸೆರಿಫ್ ಕನ್ನಡವನ್ನೇ ಹಾಕಿಕೊಂಡು, ಹೊರಗೆ ಕಳುಹಿಸುವುದನ್ನೆಲ್ಲ ಪಿಡಿಎಫ್ ಮಾಡಿ ಕಳುಹಿಸುತ್ತೇನೆ. ಗುಬ್ಬಿ, ನವಿಲು ಎಂಬ ಫಾಂಟುಗಳು ಲಿನಕ್ಸ್‌ನ ತಂತ್ರಾಂಶ ಭಂಡಾರದಲ್ಲಿ ಉಚಿತವಾಗಿ ದೊರೆಯುತ್ತವೆ. ಉದ್ದನೆಯ ಓದಿಗೆ ನನಗೆ ಗುಬ್ಬಿ ಹಿಡಿಸಿತು, ಇದು ಅವರವರ ಕಣ್ಣಿಗೆ ಬಿಟ್ಟ ಮಾತು.

ಕನ್ನಡ ಮುದ್ರಿತ ಪುಟದ ಚಿತ್ರವನ್ನು ಪಠ್ಯವಾಗಿಸುವ ಟೆಸರ‍್ಯಾಕ್ಟ್ ಮಾತ್ರ ಲಿನಕ್ಸ್‌ನಲ್ಲಿ ಎಷ್ಟು ಸುಲಭವೆಂದರೆ, ಭಂಡಾರದಿಂದ ಅದನ್ನೂ ಅದರ ಕನ್ನಡದ ಕಡತವನ್ನೂ ಆರಿಸಿಕೊಂಡರೆ ಮುಗಿಯಿತು. ವಿಂಡೋಸ್‌ನಲ್ಲಿಯೂ ಅದು ಬರುತ್ತದೆ, ಆದರೆ ಹುಡುಕಿ ತಂದು ಜೋಡಿಸಬೇಕು. ಇತ್ತೀಚಿನ ಪುಸ್ತಕಗಳ ಸ್ವಚ್ಛವಾದ ಪುಟಗಳನ್ನು ಚೆನ್ನಾಗಿ ಓದುತ್ತದೆ, ಹಳೆಯ ಅಚ್ಚುಮೊಳೆಯ ಪುಟಗಳಲ್ಲಿ ಒತ್ತಕ್ಷರಗಳನ್ನು ನುಂಗುತ್ತದೆ.

ಉಬುಂಟುವೋ ಮಿಂಟೋ

ಎರಡರ ಬುನಾದಿ ಒಂದೇ ಆದ್ದರಿಂದ ಇವುಗಳ ನಡುವಿನ ಆಯ್ಕೆ ಸ್ವಭಾವದ ಪ್ರಶ್ನೆಯೇ ಹೊರತು ಸಾಮರ್ಥ್ಯದ್ದಲ್ಲ. ಯಂತ್ರ ಚಾಲೂ ಆದ ಕೂಡಲೇ, ಏನನ್ನೂ ತೆರೆಯದೆ ನೋಡಿದಾಗ ವಿಂಡೋಸ್ ಎರಡೂವರೆ ಜಿಬಿಗೂ ಮಿಕ್ಕಿದ ರ‍್ಯಾಮನ್ನು ಹಿಡಿದಿರುತ್ತಿತ್ತು, ಉಬುಂಟು ಸುಮಾರು ಒಂದೂವರೆಯನ್ನು, ಮಿಂಟ್ ಅದಕ್ಕಿಂತ ತುಸು ಕಡಿಮೆಯನ್ನು. ಎಂಟು ಜಿಬಿ ಇರುವಾಗ ಈ ಅಂತರ ಅನುಭವಕ್ಕೆ ಬರುವುದು ಹತ್ತು ಹದಿನೈದು ಟ್ಯಾಬು ತೆರೆದಿಟ್ಟುಕೊಳ್ಳುವವರಿಗೆ ಮಾತ್ರ. ಬ್ಯಾಟರಿಯಲ್ಲಿ ಎರಡು ಲಿನಕ್ಸ್‌ಗಳೂ ವಿಂಡೋಸ್‌ಗಿಂತ ಇಪ್ಪತ್ತು ನಿಮಿಷ ಮೊದಲೇ ಸೋಲುತ್ತಿದ್ದವು.

ಉಬುಂಟುವಿನ ಎಡಬದಿಯ ಪಟ್ಟಿ, ಮೂರು ಬೆರಳಿನ ಸರಿದಾಟಕ್ಕೆ ಬದಲಾಗುವ ತೆರೆಗಳು ನೋಡಲು ಚೆಂದ; ಎರಡು ವಾರದಲ್ಲಿ ಅಭ್ಯಾಸವೂ ಆದವು. ಮಿಂಟ್‌ನಲ್ಲಿ ಅಭ್ಯಾಸವಾಗಬೇಕಾದದ್ದೇ ಇರಲಿಲ್ಲ. ಕೆಳಗಿನ ಪಟ್ಟಿ, ಎಡ ಮೂಲೆಯ ಮೆನು, ಬಲ ಮೂಲೆಯ ಗಡಿಯಾರ ಎಲ್ಲವೂ ವಿಂಡೋಸ್‌ನವರಿಗೆ ಪರಿಚಿತ ಜಾಗದಲ್ಲಿವೆ. ನನ್ನ ಮನೆಯವರು ಯಾವ ವಿವರಣೆಯನ್ನೂ ಕೇಳದೆ ಮಿಂಟ್‌ನಲ್ಲಿ ವಿದ್ಯುತ್ ಬಿಲ್ ಕಟ್ಟಿದರು; ಉಬುಂಟುವಿನಲ್ಲಿ ಕಿಟಕಿಯನ್ನು ಕಿರಿದು ಮಾಡುವುದು ಹೇಗೆ, ಕಿರಿದಾದದ್ದು ಎಲ್ಲಿ ಹೋಯಿತು ಎಂದು ಎರಡು ಸಲ ಕರೆದಿದ್ದರು.

ನನ್ನ ತೀರ್ಮಾನಕ್ಕೆ ಕಾರಣವಾದದ್ದು ಮಾತ್ರ ಡೇಟಾ. ಉಬುಂಟು ಫೈರ್‌ಫಾಕ್ಸ್ ಮೊದಲಾದ ಕೆಲವು ತಂತ್ರಾಂಶಗಳನ್ನು ಸ್ನ್ಯಾಪ್ ಎಂಬ ರೂಪದಲ್ಲಿ ಕೊಡುತ್ತದೆ. ಸ್ನ್ಯಾಪ್ ದಿನಕ್ಕೆ ನಾಲ್ಕು ಸಲ ತಾನಾಗಿಯೇ ಹೊಸ ಆವೃತ್ತಿಯಿದೆಯೇ ಎಂದು ನೋಡಿ, ಇದ್ದರೆ ಇಳಿಸಿಕೊಳ್ಳುತ್ತದೆ. ಸದಾ ಸಂಪರ್ಕ ಇರುವವರಿಗೆ ಇದು ಒಳ್ಳೆಯದೇ, ಯಂತ್ರ ಸದಾ ಸುರಕ್ಷಿತವಾಗಿರುತ್ತದೆ. ತಡೆಹಿಡಿಯುವ ವ್ಯವಸ್ಥೆಯೂ ಇದೆ. ಆದರೆ ಮೊಬೈಲ್ ಹಾಟ್‌ಸ್ಪಾಟಿನ ಮೇಲೆ ಬದುಕುವ ನನಗೆ, ಕೇಳಿ ಇಳಿಸಿಕೊಳ್ಳುವವರೇ ಬೇಕು. ಮಿಂಟ್ 2020ರ ಆವೃತ್ತಿಯಿಂದ ಸ್ನ್ಯಾಪನ್ನು ತಾನಾಗಿ ಬರದಂತೆ ತಡೆದಿದೆ, ಅದರ ಅಪ್‌ಡೇಟ್ ಮ್ಯಾನೇಜರ್ ಪ್ರತಿ ಪರಿಷ್ಕರಣೆಯ ಗಾತ್ರವನ್ನು ಪಕ್ಕದಲ್ಲಿ ಬರೆದು ತೋರಿಸಿ ನನ್ನ ಒಪ್ಪಿಗೆಗೆ ಕಾಯುತ್ತದೆ. ತಿಂಗಳ ಎರಡನೆಯ ಶನಿವಾರ ಕಾಲೇಜಿನ ಕೆಲಸವಿದ್ದರೆ ಲ್ಯಾಪ್‌ಟಾಪನ್ನು ಅಲ್ಲಿಗೆ ಒಯ್ದು ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಳ್ಳುತ್ತೇನೆ. ಅದರ ಮೊದಲು ಟೈಮ್‌ಶಿಫ್ಟ್‌ನಲ್ಲಿ ವ್ಯವಸ್ಥೆಯ ಒಂದು ಪ್ರತಿಯನ್ನು ತೆಗೆದಿಡುತ್ತೇನೆ. ಮಿಂಟ್‌ನಲ್ಲಿ ಅದು ಮೊದಲಿನಿಂದಲೇ ಇರುತ್ತದೆ. ಡಿಸೆಂಬರಿನಲ್ಲಿ ನಾನೇ ಏನನ್ನೋ ತೆಗೆದುಹಾಕಲು ಹೋಗಿ ತೆರೆಯ ಕೆಳಗಿನ ಪಟ್ಟಿಯನ್ನೇ ಕಳೆದುಕೊಂಡಾಗ, ಹತ್ತು ನಿಮಿಷದಲ್ಲಿ ಹಿಂದಿನ ದಿನಕ್ಕೆ ಮರಳಿಸಿದ್ದು ಅದೇ.

ವಿಂಡೋಸನ್ನು ಬಿಡಲಾಗದ ಕಾರಣಗಳು ಎರಡು ಉಳಿದವು. ಅಂಕ ತುಂಬಲು ನಮಗೆ ಕೊಡುವ ಎಕ್ಸೆಲ್ ಹಾಳೆಯಲ್ಲಿ ಮ್ಯಾಕ್ರೋಗಳಿವೆ, ಅಂದರೆ ಕೆಲಸಗಳನ್ನು ತಾನಾಗಿ ಮಾಡಿಸುವ ಆದೇಶಗಳು. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಹಾಳೆ ತೆರೆಯುತ್ತದೆ, ಒಟ್ಟು ಅಂಕವೂ ಬರುತ್ತದೆ, ಆದರೆ ಸಲ್ಲಿಸುವ ಗುಂಡಿ ಒತ್ತಿದರೆ ಅಲುಗುವುದಿಲ್ಲ. ಇನ್ನೊಂದು, ಮನೆಯಲ್ಲಿರುವ ಹಳೆಯ ಲೇಸರ್ ಪ್ರಿಂಟರ್. ಅದರ ತಯಾರಕರ ಸ್ವಂತ ಪದ್ಧತಿಯ ಚಾಲಕ ಲಿನಕ್ಸ್‌ನಲ್ಲಿ ಎರಡು ದಿನ ದುಡಿಸಿಕೊಂಡರೂ ಒಂದು ಹಾಳೆಯನ್ನೂ ಹೊರಹಾಕಲಿಲ್ಲ. ಕಾಲೇಜಿನ ಹೊಸ ನೆಟ್‌ವರ್ಕ್ ಪ್ರಿಂಟರನ್ನು ಅದೇ ಮಿಂಟ್ ಏನನ್ನೂ ಕೇಳದೆ ಗುರುತಿಸಿ ಮುದ್ರಿಸಿತು. ಲಿನಕ್ಸ್ ಹಾಕುವ ಯೋಚನೆ ಇದ್ದವರು ಪ್ರಿಂಟರಿನ ಮಾದರಿ ಸಂಖ್ಯೆಯನ್ನು ಮೊದಲು ಹುಡುಕಿ ನೋಡುವುದು ಲೇಸು.

ಜನವರಿಯಲ್ಲಿ ಉಬುಂಟುವಿನ ಭಾಗವನ್ನು ಅಳಿಸಿ, ಆ 70 ಜಿಬಿಯನ್ನು ಮಿಂಟ್‌ಗೆ ಸೇರಿಸಿದೆ. ಈಗ ಬರವಣಿಗೆ, ಓದು, ಇಂಟರ್ನೆಟ್ ಎಲ್ಲವೂ ಮಿಂಟ್‌ನಲ್ಲಿ. ಅಂಕಪಟ್ಟಿ ಕಳುಹಿಸುವ ವಾರದಲ್ಲಿಯೂ ಮನೆಯಲ್ಲಿ ಮುದ್ರಿಸುವುದಿದ್ದಾಗಲೂ ಮಾತ್ರ ವಿಂಡೋಸ್ ತೆರೆಯುತ್ತೇನೆ. ವಿಸ್ತರಿಸಿದ ಭದ್ರತಾ ಪರಿಷ್ಕರಣೆಗೆ ಹೆಸರು ನೋಂದಾಯಿಸಿದ್ದೇನೆ. 2026ರ ಅಕ್ಟೋಬರಿನ ನಂತರ ಅದನ್ನು ಇಂಟರ್ನೆಟ್‌ಗೆ ಜೋಡಿಸದೆ ಇಟ್ಟುಕೊಳ್ಳುವುದೆಂದು ಗೊತ್ತುಮಾಡಿದ್ದೇನೆ. ಮ್ಯಾಕ್ರೋ ಹಾಳೆಯನ್ನು ತುಂಬಿ ಪೆನ್‌ಡ್ರೈವಿಗೆ ಹಾಕಿಕೊಳ್ಳಲು ಸಂಪರ್ಕ ಬೇಕಿಲ್ಲ. ನುಡಿಯ ಹಳೆಯ ಕಡತಗಳಲ್ಲಿ ಮೂರರಲ್ಲೊಂದು ಪಾಲು ಯೂನಿಕೋಡ್‌ಗೆ ಬಂದಿವೆ, ಉಳಿದವುಗಳ ಅರ್ಕಾವತ್ತು ತಿದ್ದುವ ಕೆಲಸ ಬೇಸಿಗೆ ರಜೆಗೆ ಕಾದಿದೆ.